ಕಚೇರಿಯ ಕಂಪ್ಯೂಟರಿಗೆ 10.0.2.15 ವಿಳಾಸ ಬಂದರೆ: ಕ್ಯೂಎಮುವಿನ ಹಳೆಯ ‘ನೆಟ್’ ಸಾಲುಗಳ ದೋಷ ನಿವಾರಣೆ

ಬದಿಯಡ್ಕದ ಕಡೆಯ ಒಂದು ಅಡಿಕೆ ಖರೀದಿ ಸಂಘದ ಕಚೇರಿಯಲ್ಲಿ ಲೆಕ್ಕಿಗರು ಎಂದಿನಂತೆ ಬೆಳಿಗ್ಗೆ ತಮ್ಮ ಮೇಜಿನಿಂದಲೇ ವಿಂಡೋಸ್ ಎಕ್ಸ್‌ಪಿ ವಿಎಂಗೆ, ಅಂದರೆ ಇನ್ನೊಂದು ಯಂತ್ರದೊಳಗೆ ತಂತ್ರಾಂಶವಾಗಿ ಓಡುವ ಕಂಪ್ಯೂಟರಿಗೆ, ರಿಮೋಟ್ ಡೆಸ್ಕ್‌ಟಾಪ್ (ದೂರದ ಯಂತ್ರದ ಪರದೆ) ತೆರೆದರು. ಎಕ್ಸ್‌ಪಿಯ ನೀಲಿ ಪರದೆಯ ಬದಲು ವಿಂಡೋಸ್ 10ರ ಲಾಗಿನ್ ಪರದೆ ಬಂತು. ಅದರಲ್ಲಿ ಹೊರಗಿನ ಬಿಲ್ಲಿಂಗ್ ಕೌಂಟರಿನ ಗುಮಾಸ್ತೆಯ ಹೆಸರಿತ್ತು. ವಿಳಾಸ ಅದೇ, ಪೋರ್ಟ್ ಅದೇ, ಯಂತ್ರ ಮಾತ್ರ ಬೇರೆ. ಅದೇ ಹೊತ್ತಿಗೆ ಕೌಂಟರಿನಿಂದಲೂ ಫೋನ್ ಬಂತು: “ಅಣ್ಣಾ, ಯೂಟ್ಯೂಬ್ ಬರುತ್ತದೆ, ಪ್ರಿಂಟರ್ ಮಾತ್ರ ಕಾಣುವುದಿಲ್ಲ.” ಚೀಲ ಹೊತ್ತು ಬಂದ ಕೃಷಿಕರು ಪಟೋರ, ಕರಿಗೋಟು ಎಂದು ಅಡಿಕೆಯ ದರ್ಜೆವಾರು ಬೇರೆ ಬೇರೆ ತೂಕ ಹಾಕಿಸಿ ರಸೀದಿಗಾಗಿ ಕಾಯುತ್ತಿದ್ದರು.

ಎರಡು ದೂರುಗಳಿಗೂ ಕಾರಣ ಒಂದೇ ಎಂದು ಗೊತ್ತಾಗಲು ನನಗೆ ಎರಡು ದಿನ ಹಿಡಿಯಿತು. ತಪ್ಪು ಮಾಡಿದವನು ನಾನೇ ಆದ್ದರಿಂದ, ಅದನ್ನು ಹುಡುಕಿದ ದಾರಿಯನ್ನು ವಿವರವಾಗಿ ಬರೆದಿಡುತ್ತಿದ್ದೇನೆ. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಿನ್ನೆಲೆ

ಸಂಘದ ಸದಸ್ಯರ ಹಳೆಯ ಖಾತೆಗಳೆಲ್ಲ ಯೂನಿಕೋಡ್‌ಗೂ ಮೊದಲಿನ ಕನ್ನಡ ಅಕ್ಷರಶೈಲಿಯಲ್ಲಿವೆ. ಆ ತಂತ್ರಾಂಶ ಎಕ್ಸ್‌ಪಿಯಲ್ಲಿ ಮಾತ್ರ ಓಡುತ್ತದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿದೆ. ಆದರೆ ಹತ್ತಿಪ್ಪತ್ತು ವರ್ಷದ ಲೆಕ್ಕವನ್ನು ಆ ಕಾರಣಕ್ಕೆ ಎಸೆಯಲು ಯಾವ ಆಡಳಿತ ಮಂಡಳಿಯೂ ಒಪ್ಪುವುದಿಲ್ಲ. ಹಾಗಾಗಿ ಉಬುಂಟು 14.04 ಹಾಕಿದ ಒಂದು ಯಂತ್ರದಲ್ಲಿ, ವಿಎಂ ಓಡಿಸುವ ತಂತ್ರಾಂಶಗಳಾದ ಕ್ಯೂಎಮು ಮತ್ತು ಕೆವಿಎಂ ಬಳಸಿ ಎಕ್ಸ್‌ಪಿಯನ್ನು ವಿಎಂ ಆಗಿ ಇಟ್ಟಿದ್ದೆವು. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಇರಲಿಲ್ಲ. ವಿಎಂ ಏಳುತ್ತಿದ್ದುದು ಒಂದು ಶೆಲ್ ಸ್ಕ್ರಿಪ್ಟ್‌ನಿಂದ. ಅದರ ನೆಟ್‌ವರ್ಕ್ ಭಾಗ ಹೀಗಿತ್ತು:

-ನೆಟ್ ನಿಕ್,ವಿಲ್ಯಾನ್=0,ಮಾಡೆಲ್=ಆರ್‌ಟಿಎಲ್8139
-ನೆಟ್ ಟ್ಯಾಪ್,ವಿಲ್ಯಾನ್=0,ಇಫ್‌ನೇಮ್=ಟ್ಯಾಪ್0,ಸ್ಕ್ರಿಪ್ಟ್=ನೋ
-ನೆಟ್ ನಿಕ್,ವಿಲ್ಯಾನ್=1,ಮಾಡೆಲ್=ಆರ್‌ಟಿಎಲ್8139
-ನೆಟ್ ಯೂಸರ್,ವಿಲ್ಯಾನ್=1,ಹೋಸ್ಟ್‌ಫಾರ್ವರ್ಡ್=ಟಿಸಿಪಿ::3390-:3389

ಎರಡು ನೆಟ್‌ವರ್ಕ್ ಕಾರ್ಡ್‌ಗಳಿದ್ದವು. ಒಂದು ಟ್ಯಾಪ್ (ತಂತ್ರಾಂಶದಲ್ಲಿ ಮಾಡಿದ ನೆಟ್‌ವರ್ಕ್ ತುದಿ) ಮೂಲಕ ಕಚೇರಿಯ ನೆಟ್‌ವರ್ಕಿಗೆ ಜೋಡಿಸುವ ಬ್ರಿಡ್ಜಿಗೆ ಸೇರಿತ್ತು, ಇನ್ನೊಂದು ಕ್ಯೂಎಮುವಿನ ಒಳಗಿನ ‘ಯೂಸರ್’ ನೆಟ್‌ವರ್ಕಿಗೆ. ಲೆಕ್ಕಿಗರ ರಿಮೋಟ್ ಡೆಸ್ಕ್‌ಟಾಪ್ ಹೋಸ್ಟಿನ (ವಿಎಂ ಓಡಿಸುವ ನಿಜವಾದ ಯಂತ್ರದ) 3390ನೇ ಪೋರ್ಟಿನಿಂದ ಈ ಎರಡನೆಯ ಕಾರ್ಡಿನ ಮೂಲಕ ಒಳಹೋಗುತ್ತಿತ್ತು. ಹಲವು ವರ್ಷ ಏನೂ ತೊಂದರೆಯಾಗಲಿಲ್ಲ.

ತುಲಾ ತಿಂಗಳ ಸಂಜೆಯ ಸಿಡಿಲು ನಮ್ಮ ಊರಿನ ಎಲೆಕ್ಟ್ರಾನಿಕ್ಸ್ ಸಾಮಾನುಗಳನ್ನು ಹೇಗೆ ನೋಡಿಕೊಳ್ಳುತ್ತದೆ ಎಂದು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಮದರ್‌ಬೋರ್ಡ್ ಹೋಯಿತು, ಡಿಸ್ಕ್ ಉಳಿಯಿತು. ಹೊಸ ಯಂತ್ರಕ್ಕೆ ಉಬುಂಟು 22.04 ಹಾಕಿ ಹಳೆಯ ಸ್ಕ್ರಿಪ್ಟನ್ನೇ ಓಡಿಸಿದೆ. ‘ವಿಲ್ಯಾನ್’ ಎಂಬ ನಿಯತಾಂಕ ಅಮಾನ್ಯ ಎಂದು ದೋಷ ಬಂತು. ಸಂಜೆ ಏಳು ಗಂಟೆ, ಬಸ್ ಹಿಡಿಯಬೇಕು. ನಾಲ್ಕೂ ಸಾಲುಗಳಿಂದ ಆ ಪದವನ್ನು ಅಳಿಸಿದೆ. ವಿಎಂ ಎದ್ದಿತು, ರಿಮೋಟ್ ಡೆಸ್ಕ್‌ಟಾಪ್ ತೆರೆಯಿತು, ನಾನು ಮನೆಗೆ ಹೋದೆ.

ಎಲ್ಲಿಂದ ಹುಡುಕಬೇಕು

ಹುಡುಕಾಟವನ್ನು ವಿಎಂನಿಂದ ಶುರು ಮಾಡಬೇಡಿ, ತೊಂದರೆ ಇರುವ ನಿಜವಾದ ಯಂತ್ರದಿಂದ ಶುರು ಮಾಡಿ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಐಪಿ ವಿಳಾಸ ನೋಡಿದೆ: 10.0.2.15. ನಮ್ಮ ಕಚೇರಿಯ ರೂಟರ್ ಕೊಡುವುದು 192.168.1ರ ಸರಣಿಯ ವಿಳಾಸ. ಯಾರೋ ಮೊಬೈಲ್ ಹಾಟ್‌ಸ್ಪಾಟ್ ಹಾಕಿದ್ದಾರೆ ಎಂದುಕೊಂಡು ಮೊದಲ ದಿನವನ್ನೆಲ್ಲ ಹಾಳುಮಾಡಿದೆ. ಆದರೆ 10.0.2.15 ಎಂಬುದು ಸುಮ್ಮನೆ ಬಂದ ಅಂಕಿಯಲ್ಲ. ಕ್ಯೂಎಮುವಿನ ಯೂಸರ್ ನೆಟ್‌ವರ್ಕ್, ಅಂದರೆ ಅದರೊಳಗಿನ ಸ್ಲಿರ್ಪ್, ತಾನು ಕಂಡ ಮೊದಲ ಯಂತ್ರಕ್ಕೆ ಕೊಡುವ ವಿಳಾಸವೇ ಅದು. ಅದರ ಲೋಕದಲ್ಲಿ ಹೊರಗೆ ಹೋಗುವ ದಾರಿಯಾದ ಗೇಟ್‌ವೇ 10.0.2.2, ಹೆಸರು ಹುಡುಕುವ ಡಿಎನ್ಎಸ್ 10.0.2.3. ಭೌತಿಕ ಯಂತ್ರವೊಂದಕ್ಕೆ ಈ ಸರಣಿಯ ವಿಳಾಸ ಬಂದಿದ್ದರೆ ಎಲ್ಲೋ ಒಂದು ವಿಎಂ ತನ್ನ ಒಳಗಿನ ನೆಟ್‌ವರ್ಕನ್ನು ಹೊರಗೆ ಸೋರಿಸುತ್ತಿದೆ ಎಂದೇ ಹಿಡಿಯಿರಿ.

ಸಂಶಯ ಉಳಿದರೆ ಅದೇ ಯಂತ್ರದಲ್ಲಿ ಯಾವ ಐಪಿ ಯಾವ ಕಾರ್ಡಿನದು ಎಂದು ತೋರಿಸುವ ‘ಆರ್ಪ್’ ಪಟ್ಟಿ ತೆಗೆದು ಗೇಟ್‌ವೇಯ ಮ್ಯಾಕ್ ವಿಳಾಸ (ಕಾರ್ಡಿನ ಗುರುತಿನ ಸಂಖ್ಯೆ) ನೋಡಿ. ಸ್ಲಿರ್ಪ್ ತನ್ನ ಕಾಲ್ಪನಿಕ ಯಂತ್ರಗಳಿಗೆ 52:55 ಎಂದು ಶುರುವಾಗುವ ಮ್ಯಾಕ್ ಕೊಡುತ್ತದೆ, ಉಳಿದ ನಾಲ್ಕು ಜೋಡಿಗಳಲ್ಲಿ ಐಪಿ ವಿಳಾಸವನ್ನೇ ಬರೆಯುತ್ತದೆ. ವಿಎಂನ ಕಾರ್ಡಿನದು 52:54. ಒಂದಂಕಿಯ ವ್ಯತ್ಯಾಸ, ಕಣ್ಣು ತಪ್ಪಬಾರದು. ನಮ್ಮಲ್ಲಿ ಇದ್ದದ್ದು 52:55. ಹಾಟ್‌ಸ್ಪಾಟಿನ ಶಂಕೆ ಅಲ್ಲಿಗೆ ಮುಗಿಯಿತು.

ಆಮೇಲೆ ಹೋಸ್ಟಿಗೆ ಬಂದು ಕ್ಯೂಎಮುವಿನ ಮಾನಿಟರ್ (ಅದಕ್ಕೆ ಆಜ್ಞೆ ಕೊಡುವ ಕಿಂಡಿ) ತೆರೆದು ‘ಇನ್ಫೋ ನೆಟ್‌ವರ್ಕ್’ ಎಂದು ಕೇಳಿ. ಈ ಒಂದು ಆಜ್ಞೆ ನನ್ನ ಮಟ್ಟಿಗೆ ಉಳಿದೆಲ್ಲದಕ್ಕಿಂತ ಹೆಚ್ಚು. ಯಾವ ಕಾರ್ಡ್ ಯಾವ ತಂತಿಗೆ ಸೇರಿದೆ ಎಂದು ಅದು ಬಿಡಿಸಿ ತೋರಿಸುತ್ತದೆ. ‘ಹಬ್ 0’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ನಾಲ್ಕು ಪೋರ್ಟ್‌ಗಳು ಕಂಡವು: ಎರಡು ಕಾರ್ಡ್, ಒಂದು ಟ್ಯಾಪ್, ಒಂದು ಯೂಸರ್. ನಾಲ್ಕೂ ಒಂದೇ ಹಬ್ಬಿನಲ್ಲಿ.

ಏನಾಗಿತ್ತು

ಇಲ್ಲಿ ‘ವಿಲ್ಯಾನ್’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಒಂದೇ ಸ್ವಿಚ್ಚನ್ನು ಹಲವು ನೆಟ್‌ವರ್ಕ್‌ಗಳಾಗಿ ಬೇರ್ಪಡಿಸಲು ನಾವು ಹಾಕುವ 802.1ಕ್ಯೂ ವಿಲ್ಯಾನ್‌ಗೂ ಇದಕ್ಕೂ ಸಂಬಂಧವಿಲ್ಲ. ಕ್ಯೂಎಮುವಿನ ವಿಲ್ಯಾನ್ ಎಂದರೆ ಪ್ರಕ್ರಿಯೆಯ ಒಳಗಿನ ಒಂದು ದಡ್ಡ ಹಬ್. ಒಂದು ಪೋರ್ಟಿನಿಂದ ಬಂದದ್ದನ್ನು ಉಳಿದ ಎಲ್ಲ ಪೋರ್ಟಿಗೂ ಹಂಚುವುದಷ್ಟೇ ಅದರ ಕೆಲಸ. 2012ರಲ್ಲಿ ಬಂದ 1.2ನೇ ಆವೃತ್ತಿಯಲ್ಲಿ ಒಳಗಿನ ಸಂಕೇತದಲ್ಲಿ ಅದರ ಹೆಸರನ್ನು ಹಬ್ ಎಂದೇ ಮಾಡಿದರು, ಆದರೆ ಆಜ್ಞೆಯಲ್ಲಿ ಹಳೆಯ ಪದ ಉಳಿಯಿತು. 2018ರ 3.0ರಲ್ಲಿ ಆ ಪದವನ್ನೂ ತೆಗೆದರು. ಪದವೇನೋ ಹೋಯಿತು, ಆದರೆ ‘ನೆಟ್’ ಎಂಬ ಹಳೆಯ ಆಯ್ಕೆ ಹೋಗಲಿಲ್ಲ. ಯಾರು ಅದನ್ನು ಬಳಸಿದರೂ ಕಾರ್ಡ್, ಟ್ಯಾಪ್, ಯೂಸರ್ ಎನ್ನದೆ ಎಲ್ಲವೂ 0ನೇ ಹಬ್ಬಿಗೆ ಹೋಗಿ ಕೂರುತ್ತವೆ. ಆ ದೋಷ ಸಂದೇಶವನ್ನು ‘ಈ ಪದ ಅಳಿಸು’ ಎಂದು ಓದಿಕೊಂಡದ್ದು ನನ್ನ ತಪ್ಪು. ಹಬ್ಬುಗಳನ್ನು ಬೇರೆ ಮಾಡುವ ವಿಧಾನ ಬದಲಾಗಿದೆ ಎಂಬುದು ಅದರ ಅರ್ಥವಾಗಿತ್ತು.

ಅಡಿಕೆ ತೋಟದವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಸುರಂಗದ ನೀರಿನ ಪೈಪನ್ನೂ ಕೊಳವೆ ಬಾವಿಯ ಪೈಪನ್ನೂ ನಡುವೆ ವಾಲ್ವ್ ಇಲ್ಲದೆ ಒಂದೇ ಟೀ ಹಾಕಿ ಜೋಡಿಸಿದ್ದೆ. ಪಂಪು ಚಾಲೂ ಆದರೆ ನೀರು ಸ್ಪ್ರಿಂಕ್ಲರಿಗಷ್ಟೇ ಹೋಗುವುದಿಲ್ಲ, ಸುರಂಗದ ಟ್ಯಾಂಕಿಗೂ ನುಗ್ಗುತ್ತದೆ.

ಸ್ಲಿರ್ಪ್ ಒಳಗೆ ಕೇಳಿದವರಿಗೆ ವಿಳಾಸ ಹಂಚುವ ಒಂದು ಡಿಎಚ್‌ಸಿಪಿ ಸರ್ವರ್ ಇದೆ. ಹಬ್ ಒಂದೇ ಆದ ಮೇಲೆ ಅದರ ಮಾತು ಟ್ಯಾಪ್ ಮೂಲಕ ಬ್ರಿಡ್ಜಿಗೆ, ಅಲ್ಲಿಂದ ಕಚೇರಿಯ ಸ್ವಿಚ್ಚಿಗೆ ಹೋಗುತ್ತದೆ. ಯಾವುದಾದರೂ ಕಂಪ್ಯೂಟರ್ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗಿದರೆ ರೂಟರ್ ಒಂದು ಉತ್ತರ ಕೊಡುತ್ತದೆ, ಸ್ಲಿರ್ಪ್ ಇನ್ನೊಂದು. ಸಾಮಾನ್ಯವಾಗಿ ಮೊದಲು ಬಂದ ಉತ್ತರವೇ ಗೆಲ್ಲುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಿನ್ನೆ ರೂಟರ್ ಕೊಟ್ಟಿದ್ದ ವಿಳಾಸವನ್ನೇ ಇಂದು ಮತ್ತೆ ಕೇಳುವ ಯಂತ್ರಕ್ಕೆ ಸ್ಲಿರ್ಪ್ ‘ಅದು ಸಿಗದು’ ಎಂದು ನಿರಾಕರಣೆಯನ್ನೂ ಕಳುಹಿಸುತ್ತದೆ. ತನ್ನದಲ್ಲದ ಮನೆಯ ಬಾಗಿಲಲ್ಲಿ ನಿಂತು ಮನೆಯವರನ್ನೇ ವಾಪಸು ಕಳುಹಿಸಿದ ಹಾಗೆ. ಅದು ಕೊಡುವ ಗುತ್ತಿಗೆಯ ಅವಧಿ 24 ಗಂಟೆ. ‘ನಿನ್ನೆ ಸರಿಯಿತ್ತು, ಇಂದು ಇಲ್ಲ’ ಎಂಬ ದೂರು ಬರುತ್ತಿದ್ದದ್ದು ಈ ಕಾರಣಕ್ಕೆ.

ಯೂಟ್ಯೂಬ್ ಏಕೆ ಬರುತ್ತಿತ್ತು? ಸ್ಲಿರ್ಪ್ ಟಿಸಿಪಿ, ಯುಡಿಪಿ ಸಂಪರ್ಕಗಳನ್ನು ಹೋಸ್ಟಿನ ಪರವಾಗಿ ಹೊರಗೆ ಒಯ್ಯುತ್ತದೆ. ಬಿಲ್ಲಿಂಗ್ ಯಂತ್ರಕ್ಕೂ ಅದು ಆ ಸೇವೆಯನ್ನು ನಿಷ್ಠೆಯಿಂದ ಮಾಡಿತು. ಹಂಚಿಕೊಂಡ ಪ್ರಿಂಟರಿನ ಹೆಸರನ್ನು ಸುತ್ತಲಿನವರಿಗೆಲ್ಲ ಕೂಗಿ ಹುಡುಕಬೇಕಾದಾಗ ಮಾತ್ರ 10.0.2ರ ಲೋಕದಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಲೆಕ್ಕಿಗರ ಪರದೆಯ ಕಥೆಯೂ ಇದರ ಮುಂದುವರಿಕೆಯೇ. ಪೋರ್ಟ್ ಫಾರ್ವರ್ಡ್ ಮಾಡುವಾಗ ಒಳಗಿನ ವಿಳಾಸ ಹೇಳದಿದ್ದರೆ ಕ್ಯೂಎಮು 10.0.2.15ಕ್ಕೇ ಕಳುಹಿಸುತ್ತದೆ. ಆ ದಿನ ಬೆಳಿಗ್ಗೆ ಕರೆಂಟ್ ಹೋಗಿ ಬಂದಿತ್ತು. ಕ್ಯೂಎಮು ಎದ್ದ ಕೂಡಲೇ ಸ್ಲಿರ್ಪ್ ಸಿದ್ಧವಾಗಿತ್ತು, ಒಳಗಿನ ಎಕ್ಸ್‌ಪಿ ಇನ್ನೂ ಕಣ್ಣು ಉಜ್ಜುತ್ತಿತ್ತು. ಅಷ್ಟರಲ್ಲಿ ಕೌಂಟರಿನ ಯಂತ್ರ ವಿಳಾಸ ಕೇಳಿ ಮೊದಲನೆಯದನ್ನು ಕೊಂಡುಹೋಯಿತು. ಫಾರ್ವರ್ಡ್ ಆದ ರಿಮೋಟ್ ಡೆಸ್ಕ್‌ಟಾಪ್ ನೇರವಾಗಿ ಕೌಂಟರಿಗೆ ಹೋಯಿತು.

ಇದರಲ್ಲಿ ಅದೃಷ್ಟದ ಮಾತೂ ಇದೆ. ಎರಡು ಟ್ಯಾಪ್‌ಗಳು ಒಂದೇ ಹಬ್ಬಿನಲ್ಲಿದ್ದು ಎರಡೂ ಒಂದೇ ಬ್ರಿಡ್ಜಿಗೆ ಸೇರಿದ್ದರೆ ಸುತ್ತು ತಂತಿಯಾಗಿ ಪ್ರಸಾರದ ಪ್ಯಾಕೆಟ್‌ಗಳು ಒಂದರ ಹಿಂದೊಂದು ಸುತ್ತುತ್ತಿದ್ದವು, ಇಡೀ ಕಚೇರಿಯ ನೆಟ್‌ವರ್ಕ್ ಕ್ಷಣದಲ್ಲಿ ಕೂತುಹೋಗುತ್ತಿತ್ತು.

ಸರಿಪಡಿಸುವುದು

ತುರ್ತಿಗೆ ವಿಎಂ ನಿಲ್ಲಿಸಿ, ತೊಂದರೆಯಾದ ಯಂತ್ರದ ವಿಳಾಸ ಬಿಡಿಸಿ ಮತ್ತೆ ಪಡೆಯಿರಿ. ರಸೀದಿ ಮುದ್ರಣವಾಗಲಿ, ಜನ ಮನೆಗೆ ಹೋಗಲಿ. ಉಳಿದದ್ದು ಸಂಜೆಗೆ.

ಹಳೆಯ ನಾಲ್ಕು ಸಾಲುಗಳನ್ನು ಹಾಗೆಯೇ ಹೊಸ ವಾಕ್ಯರಚನೆಗೆ ಬದಲಿಸುವುದು ಸುಲಭ. ಕ್ಯೂಎಮುವಿನಲ್ಲಿ ‘ನೆಟ್‌ಡೆವ್’ ಎಂಬ ಆಯ್ಕೆ 2009ರ 0.12ರಿಂದಲೇ ಇದೆ. ಅದು ಹೋಸ್ಟಿನ ಕಡೆಯ ತುದಿ, ‘ಡಿವೈಸ್’ ವಿಎಂನ ಕಡೆಯ ಕಾರ್ಡ್, ಎರಡನ್ನೂ ಒಂದು ಗುರುತಿನ ಹೆಸರು ಜೋಡಿಸುತ್ತದೆ. ನಡುವೆ ಹಬ್ ಇಲ್ಲ, ಒಂದಕ್ಕೆ ಒಂದೇ. 2018ರ ಏಪ್ರಿಲ್‌ನ 2.12ರಲ್ಲಿ ಬಂದ ‘ನಿಕ್’ ಎಂಬ ಚಿಕ್ಕ ಆಯ್ಕೆ ಈ ಎರಡನ್ನೂ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಹೊಸ ವಿಎಂಗಳಿಗೆ ನಾನು ಅದನ್ನೇ ಬಳಸುತ್ತೇನೆ.

ಆದರೆ ಬದಲಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡೆ: ಎರಡನೆಯ ಕಾರ್ಡ್ ಏಕೆ ಇತ್ತು? ಹಳೆಯ ಡೈರಿ ತಿರುವಿದಾಗ ತಿಳಿಯಿತು. ಆರಂಭದಲ್ಲಿ ವಿಎಂಗೆ ಯೂಸರ್ ನೆಟ್‌ವರ್ಕ್ ಮಾತ್ರ ಇತ್ತು. ಹೊರಗಿನಿಂದ ಒಳಹೋಗಲು ಪೋರ್ಟ್ ಫಾರ್ವರ್ಡ್ ಬೇಕಾಗಿತ್ತು. ಮುಂದೆ ಪ್ರಿಂಟರಿಗಾಗಿ ಟ್ಯಾಪ್ ಹಾಕಿದೆವು, ಎಕ್ಸ್‌ಪಿಗೆ 192.168.1.50 ಎಂಬ ಸ್ಥಿರ ವಿಳಾಸ ಕೊಟ್ಟೆವು. ಆ ದಿನದಿಂದಲೇ ಲೆಕ್ಕಿಗರು ನೇರವಾಗಿ ಆ ವಿಳಾಸಕ್ಕೆ ಹೋಗಬಹುದಿತ್ತು. ಯೂಸರ್ ಕಾರ್ಡ್ ಕೆಲಸ ಮುಗಿದ ಮೇಲೂ ತೆಗೆಯದೆ ಬಿಟ್ಟ ಸಾರಣೆಯ ಕೋಲಿನಂತೆ ಅಲ್ಲೇ ನಿಂತಿತ್ತು. ಅದನ್ನು ಪೂರ್ತಿ ತೆಗೆದೆ. ಉಳಿದದ್ದು:

-ನೆಟ್‌ಡೆವ್ ಟ್ಯಾಪ್,ಐಡಿ=ಕಚೇರಿ,ಇಫ್‌ನೇಮ್=ಟ್ಯಾಪ್0,ಸ್ಕ್ರಿಪ್ಟ್=ನೋ,ಡೌನ್‌ಸ್ಕ್ರಿಪ್ಟ್=ನೋ
-ಡಿವೈಸ್ ಆರ್‌ಟಿಎಲ್8139,ನೆಟ್‌ಡೆವ್=ಕಚೇರಿ,ಮ್ಯಾಕ್=52:54:00:12:34:56,ಅಡ್ರ್=0ಎಕ್ಸ್3

ಇಲ್ಲಿ ಐಡಿಗೆ ‘ಕಚೇರಿ’ ಎಂದದ್ದು ಓದಲು ಸುಲಭವಾಗಲಿ ಎಂದು. ನಿಜವಾದ ಸ್ಕ್ರಿಪ್ಟ್‌ನಲ್ಲಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು.

ಎರಡನೆಯ ಸಾಲಿನ ಕೊನೆಯ ತುಂಡನ್ನು ಮರೆಯಬೇಡಿ. ಹಳೆಯ ‘ನೆಟ್ ನಿಕ್’ನ ಕಾರ್ಡ್ ಯಂತ್ರ ಕಟ್ಟುವ ಹಂತದಲ್ಲೇ ಹುಟ್ಟುತ್ತದೆ. ಪರದೆಯ ಕಾರ್ಡ್ 2ನೇ ಪಿಸಿಐ ಸ್ಲಾಟ್, ಇದು 3. ‘ಡಿವೈಸ್’ ಎಂದು ಬರೆದವು ಆಮೇಲೆ, ಬರೆದ ಕ್ರಮದಲ್ಲಿ ಕೂರುತ್ತವೆ. ಮೊದಲು ಇನ್ನೇನಾದರೂ ಕೂತಿದ್ದರೆ ನೆಟ್‌ವರ್ಕ್ ಕಾರ್ಡಿನ ಸ್ಲಾಟ್ ಬದಲಾಗುತ್ತದೆ. ವಿಂಡೋಸ್ ಅದನ್ನು ಹೊಸ ಕಾರ್ಡ್ ಎಂದು ತಿಳಿದು ಮತ್ತೊಂದು ‘ಲೋಕಲ್ ಏರಿಯಾ ಕನೆಕ್ಷನ್’ ಮಾಡುತ್ತದೆ, ಸ್ಥಿರ ವಿಳಾಸ ಹಳೆಯದಕ್ಕೇ ಅಂಟಿಕೊಂಡಿರುತ್ತದೆ. ಹೊಸದಕ್ಕೆ ಅದೇ ವಿಳಾಸ ಹಾಕಹೊರಟರೆ ‘ಇದು ಬೇರೊಂದು ಅಡಾಪ್ಟರಿಗೆ ಕೊಟ್ಟಾಗಿದೆ’ ಎನ್ನುತ್ತದೆ, ಆ ಬೇರೊಂದು ಅಡಾಪ್ಟರ್ ಎಲ್ಲೂ ಕಾಣುವುದಿಲ್ಲ. ಇಲ್ಲದ ಕಾರ್ಡಿನ ಪ್ರೇತವನ್ನು ಡಿವೈಸ್ ಮ್ಯಾನೇಜರಿನಲ್ಲಿ ಬಿಡಿಸುವ ಕೆಲಸ ಒಮ್ಮೆ ಮಾಡಿದವರು ಎರಡನೆಯ ಸಲ ಸ್ಲಾಟ್ ಬರೆಯಲು ಮರೆಯುವುದಿಲ್ಲ. ಲಿನಕ್ಸ್ ವಿಎಂಗಳಲ್ಲಿ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ: ನಿನ್ನೆಯ ‘ಇಎನ್ಎಸ್3’ ಇಂದು ‘ಇಎನ್ಎಸ್4’ ಆಗಿ, ಹಳೆಯ ಹೆಸರಿಗೆ ಬರೆದಿಟ್ಟ ವಿಳಾಸ ಯಾರಿಗೂ ಸೇರುವುದಿಲ್ಲ.

ಕಾರ್ಡಿನ ಮಾದರಿಯನ್ನೂ ಬಿಡಬೇಡಿ. ಸಾಮಾನ್ಯ ಪಿಸಿ ಮಾದರಿಗೆ ಕ್ಯೂಎಮು ತಾನಾಗಿ ಕೊಡುವುದು ‘ಇ1000’. ಎಕ್ಸ್‌ಪಿಯಲ್ಲಿ ಚಾಲಕ ತಂತ್ರಾಂಶ ಮೊದಲೇ ಇರುವುದು ‘ಆರ್‌ಟಿಎಲ್8139’ಕ್ಕೆ.

ಪಕ್ಕದ ಕೆಲವು ದೋಷಗಳು

ಇದೇ ಹೋಸ್ಟಿನಲ್ಲಿ ಬ್ಯಾಕಪ್‌ಗಾಗಿ ಡೆಬಿಯನ್ ವಿಎಂ ಒಂದನ್ನು ಅದೇ ಬ್ರಿಡ್ಜಿಗೆ ಸೇರಿಸಿದ್ದೆ. ಒಂದೊಂದಾಗಿ ಓಡಿಸಿದರೆ ಎರಡೂ ಚೆನ್ನ. ಜೊತೆಗೆ ಓಡಿಸಿದರೆ ಸ್ವಲ್ಪ ಹೊತ್ತು ಇದಕ್ಕೆ ಸಂಪರ್ಕ, ಸ್ವಲ್ಪ ಹೊತ್ತು ಅದಕ್ಕೆ. ಮ್ಯಾಕ್ ಹೇಳದಿದ್ದರೆ ಕ್ಯೂಎಮು ಮೊದಲ ಕಾರ್ಡಿಗೆ 52:54:00:12:34:56 ಕೊಡುತ್ತದೆ, ಎರಡನೆಯದಕ್ಕೆ ಕೊನೆಯಲ್ಲಿ 57. ಆದರೆ ಈ ಎಣಿಕೆ ಒಂದು ಪ್ರಕ್ರಿಯೆಯ ಒಳಗೆ ಮಾತ್ರ. ಬೇರೆ ವಿಎಂ ಬೇರೆ ಪ್ರಕ್ರಿಯೆ, ಅದರ ಮೊದಲ ಕಾರ್ಡಿಗೂ 56ರಲ್ಲೇ ಮುಗಿಯುವ ಅದೇ ವಿಳಾಸ. ಬ್ರಿಡ್ಜ್ ಒಂದೇ ಮ್ಯಾಕನ್ನು ಎರಡು ಪೋರ್ಟಿನಲ್ಲಿ ಕಂಡು ಅತ್ತಿತ್ತ ಹೊಯ್ದಾಡುತ್ತದೆ. ಪ್ರತಿ ವಿಎಂಗೂ ಬೇರೆ ಮ್ಯಾಕ್ ಕೈಯಾರೆ ಬರೆಯಿರಿ, ಮೊದಲ ಮೂರು ಜೋಡಿ 52:54:00 ಇದ್ದರೆ ಸಾಕು. ಎಕ್ಸ್‌ಪಿಗೆ ಹಳೆಯದನ್ನೇ ಉಳಿಸಿ ಡೆಬಿಯನ್‌ದನ್ನು ಬದಲಿಸಿದೆ.

‘ನೆಟ್‌ಡೆವ್‌ಗೆ ಜೊತೆಗಾರ ಇಲ್ಲ’ ಎಂಬ ಎಚ್ಚರಿಕೆ ಬಂದರೆ ‘ಡಿವೈಸ್’ ಸಾಲು ಬಿಟ್ಟುಹೋಗಿದೆ, ಅಥವಾ ಅದರಲ್ಲಿ ‘ನೆಟ್‌ಡೆವ್=’ ಎಂಬ ತುಂಡು ಇಲ್ಲ. ವಿಎಂ ಏಳುತ್ತದೆ, ನೆಟ್‌ವರ್ಕ್ ಮಾತ್ರ ಇರುವುದಿಲ್ಲ. ಹಾಗಾಗಿ ಈ ಎಚ್ಚರಿಕೆಯನ್ನು ಜನ ಗಮನಿಸುವುದೇ ಇಲ್ಲ.

‘ಯೂಸರ್ ಎಂಬುದು ಈ ಕ್ಯೂಎಮುವಿನಲ್ಲಿ ಸೇರಿಲ್ಲ’ ಎಂಬ ಅರ್ಥದ ದೋಷ ಬಂದರೆ ಸ್ಕ್ರಿಪ್ಟ್‌ನಲ್ಲಿ ಹುಡುಕಬೇಡಿ. 2022ರ ಡಿಸೆಂಬರಿನ 7.2ರಿಂದ ಸ್ಲಿರ್ಪನ್ನು ಕ್ಯೂಎಮುವಿನ ಮೂಲಸಂಕೇತದ ಜೊತೆ ಕಟ್ಟಿ ಕೊಡುತ್ತಿಲ್ಲ. ನೀವೇ ಕಂಪೈಲ್ ಮಾಡಿದ್ದರೆ ಲಿಬ್‌ಸ್ಲಿರ್ಪ್‌ನ ಅಭಿವೃದ್ಧಿ ಕಡತಗಳನ್ನು ಮೊದಲು ಹಾಕಿ ಮತ್ತೆ ಕಟ್ಟಬೇಕು.

ಟ್ಯಾಪ್ ಸಾಲಿನಲ್ಲಿ ‘ಸ್ಕ್ರಿಪ್ಟ್=ನೋ’ ಇಲ್ಲದಿದ್ದರೆ ಕ್ಯೂಎಮು ತನ್ನದೇ ‘ಇಫ್‌ಅಪ್’ ಸ್ಕ್ರಿಪ್ಟನ್ನು ಓಡಿಸುತ್ತದೆ. ಹಳೆಯ ಯಂತ್ರದಿಂದ ನಕಲು ಮಾಡಿದ ಸ್ಕ್ರಿಪ್ಟ್‌ನಲ್ಲಿ ಬ್ರಿಡ್ಜ್ ಕಟ್ಟುವ ‘ಬಿಆರ್‌ಸಿಟಿಎಲ್’ ಇದ್ದು ಹೊಸ ಹೋಸ್ಟಿನಲ್ಲಿ ಆ ಆಜ್ಞೆ ಇಲ್ಲದಿದ್ದರೆ ಅಲ್ಲೇ ಮುಗ್ಗರಿಸುತ್ತದೆ.

ನೆಟ್‌ವರ್ಕಿನ ಎಲ್ಲ ಸಾಲುಗಳನ್ನು ಅಳಿಸಿದರೆ ವಿಎಂ ಒಂಟಿಯಾಗುತ್ತದೆ ಎಂದುಕೊಳ್ಳಬೇಡಿ. ಏನೂ ಹೇಳದಿದ್ದರೆ ಕ್ಯೂಎಮು ತಾನಾಗಿಯೇ ಒಂದು ಕಾರ್ಡ್ ಹಾಕಿ ಯೂಸರ್ ನೆಟ್‌ವರ್ಕಿಗೆ ಜೋಡಿಸುತ್ತದೆ. ನಿಜಕ್ಕೂ ಬೇಡವಾದರೆ ‘-ನಿಕ್ ನನ್’ ಎಂದು ಬಾಯಿಬಿಟ್ಟು ಹೇಳಬೇಕು.

ಪರೀಕ್ಷೆ

ಬದಲಾವಣೆ ಆದ ಮೇಲೆ ‘ಇನ್ಫೋ ನೆಟ್‌ವರ್ಕ್’ನಲ್ಲಿ ಹಬ್ ಎಂಬ ಪದವೇ ಇರಬಾರದು. ಕಾರ್ಡಿನ ಹೆಸರು, ಅದರ ಕೆಳಗೆ ಒಂದು ಟ್ಯಾಪ್, ಅಷ್ಟೆ. ಆದರೂ ನನಗೆ ಸಮಾಧಾನವಾಗಲಿಲ್ಲ. ರೂಟರ್ ಮೊದಲು ಉತ್ತರಿಸಿ ಗೆದ್ದರೆ ಸೋರಿಕೆ ಉಳಿದಿದ್ದರೂ ಕಾಣದೆ ಹೋಗಬಹುದು. ಸಂಜೆ ಕೌಂಟರ್ ಮುಚ್ಚಿದ ಮೇಲೆ ವಿಎಂ ಓಡುತ್ತಿರುವಾಗಲೇ ರೂಟರಿನ ಸ್ವಿಚ್ ಆರಿಸಿದೆ. ಗುಮಾಸ್ತೆಯ ಯಂತ್ರದಲ್ಲಿ ವಿಳಾಸ ಬಿಡಿಸಿ ಮತ್ತೆ ಕೇಳಿಸಿದೆ. ಉತ್ತರಿಸುವವರು ಯಾರೂ ಇಲ್ಲದಿದ್ದರೆ ವಿಂಡೋಸ್ ಸ್ವಲ್ಪ ಹೊತ್ತು ಕಾದು 169.254 ಎಂದು ಶುರುವಾಗುವ ವಿಳಾಸವನ್ನು ತಾನೇ ಹಾಕಿಕೊಳ್ಳುತ್ತದೆ. ಕಾಯುವ ಗುಂಡು ತಿರುಗಿತು, ತಿರುಗಿತು, ಕೊನೆಗೆ 169.254 ಬಂತು.

“ನೆಟ್ ಹೋಯಿತಲ್ಲ ಅಣ್ಣಾ,” ಎಂದರು ಗುಮಾಸ್ತೆ, ಚೀಲ ಹೆಗಲಿಗೇರಿಸುತ್ತಾ.

ಹೋಗಬೇಕಾದದ್ದೇ ಹಾಗೆ ಎಂದು ಹೇಳಿ ರೂಟರಿನ ಸ್ವಿಚ್ ಹಾಕಿದೆ.